ರಾಸಪ್ಪ ಚೆಟ್ಟಿ ಬೀದಿಗೆ ಒಯ್ಯಬೇಕಾದ ಪುಸ್ತಕ

ಚೆನ್ನೈಯಲ್ಲಿ ನೆಲೆಸಿದ ಕನ್ನಡದ ಮನೆಯೊಂದಕ್ಕೆ ಬ್ರಾಹ್ಮಿ ಬೇಕಾಗಿದೆ ಎಂದುಕೊಳ್ಳಿ. ಊರಲ್ಲಾಗಿದ್ದರೆ ತೋಟದ ಕಾಲುವೆ ಬದಿಯಿಂದ ಒಂದೆಲಗ ಕಿತ್ತು ತರುತ್ತಿದ್ದರು, ಅರ್ಧ ತಂಬುಳಿಗೆ, ಅರ್ಧ ಎಣ್ಣೆ ಕಾಯಿಸುವುದಕ್ಕೆ. ಇಲ್ಲಿ ಸೌಕಾರ್‌ಪೇಟೆಯ ಕಡೆ ಹೋಗಿ, ನಾಟಿ ಮದ್ದಿನ ಅಂಗಡಿಯಲ್ಲಿ ಬ್ರಾಹ್ಮಿ ಕೊಡಿ ಎಂದರೆ ಪೊಟ್ಟಣದಲ್ಲಿ ಬರುವುದು ಬೇರೆಯೇ ಸೊಪ್ಪು. ತಮಿಳರಿಗೆ ಬ್ರಾಹ್ಮಿ ಎಂದರೆ ನೀರ್‌ಬ್ರಾಹ್ಮಿ, ಅಂದರೆ ಬಕೋಪಾ ಮೊನ್ನಿಯೇರಿ: ದಪ್ಪನೆಯ ಪುಟ್ಟ ಎಲೆಗಳು ಜೋಡಿಜೋಡಿಯಾಗಿ ಕೂತು, ಜೌಗಿನಲ್ಲಿ ಹರಡುವ ಗಿಡ. ನಮ್ಮ ಒಂದೆಲಗ ಬೇಕಾದರೆ ವಲ್ಲಾರೈ ಎಂದು ಕೇಳಬೇಕು. ಅದು ಸೆಂಟೆಲ್ಲಾ ಏಷ್ಯಾಟಿಕಾ. ತುಳುವರು ಅದನ್ನೇ ತಿಮರೆ ಎನ್ನುತ್ತಾರೆ. ಎರಡು ಗಿಡಗಳಿಗೂ ಹತ್ತಿರದ ನಂಟಿಲ್ಲ, ಒಳಗಿನ ರಾಸಾಯನಿಕಗಳೂ ಬೇರೆ. ಎರಡನ್ನೂ ನೆನಪಿನ ಶಕ್ತಿಗೆ ಒಳ್ಳೆಯದು ಎನ್ನುವುದರಿಂದ ಅದಲುಬದಲಾದದ್ದು ಯಾರ ಗಮನಕ್ಕೂ ಬರುವುದಿಲ್ಲ. ಇಲ್ಲಿ ಅಂಗಡಿಯವರು ಮೋಸ ಮಾಡಲಿಲ್ಲ, ಕೇಳಿದವರು ತಪ್ಪು ಹೇಳಲಿಲ್ಲ. ಇಬ್ಬರ ನಡುವೆ ಇರಬೇಕಾಗಿದ್ದ ಪುಸ್ತಕ ಇರಲಿಲ್ಲ, ಅಷ್ಟೆ.

ಸೌಕಾರ್‌ಪೇಟೆಗೂ ಪಾರ್ಕ್ ಟೌನಿಗೂ ಹೊಂದಿಕೊಂಡ ರಾಸಪ್ಪ ಚೆಟ್ಟಿ ಬೀದಿಯಲ್ಲಿ, ಕಂದಕೋಟ್ಟದ ಮುರುಗನ ಗುಡಿಯ ಆಸುಪಾಸಿನಲ್ಲಿ, ಇಂಥ ಅಂಗಡಿಗಳು ಒತ್ತೊತ್ತಾಗಿವೆ. ಮೈಸೂರಿನವರಿಗೆ ಗ್ರಂಥಿಗೆ ಅಂಗಡಿ ಎಂದರೆ ತಟ್ಟನೆ ಗೊತ್ತಾಗುತ್ತದೆ. ಮೂಟೆಯಲ್ಲಿ ಬೇರು, ಡಬ್ಬಿಯಲ್ಲಿ ಬೀಜ, ಗೋಣಿಯ ಮೇಲೆ ಹರವಿದ ತೊಗಟೆ. ಕೊಳ್ಳಲು ಬರುವವರು ತಮಿಳರು, ತೆಲುಗರು, ತಲೆಮಾರುಗಳ ಹಿಂದೆ ಬಂದು ನೆಲೆಸಿದ ಮಾರವಾಡಿಗಳು, ಗುಜರಾತಿಗಳು, ದಖನಿ ಮಾತಾಡುವ ಮುಸ್ಲಿಮರು. ಒಂದೇ ಕಾಯಿಯನ್ನು ಒಬ್ಬರು ಕಡುಕ್ಕಾಯ್ ಎಂದು ಕೇಳಿದರೆ ಇನ್ನೊಬ್ಬರು ಹರಡೆ ಎಂದು ಕೇಳುತ್ತಾರೆ. ನಾವು ಅಳಲೆಕಾಯಿ ಎನ್ನುತ್ತೇವೆ. ಮುಲೇಠಿ, ಅತಿಮಧುರಂ, ಜ್ಯೇಷ್ಠಮಧು ಮೂರೂ ಒಂದೇ ಬೇರು. ಅಂಗಡಿಯವರ ಬಾಯಲ್ಲಿ ಇವೆಲ್ಲ ಸಲೀಸಾಗಿ ಸರಿಹೊಂದುತ್ತವೆ. ಒಂದೇ ವಸ್ತುವಿಗೆ ಹತ್ತು ಹೆಸರಿದ್ದರೆ ಅಂಗಡಿಯಲ್ಲೇ ದಾರಿ ಸಿಗುತ್ತದೆ. ಒಂದೇ ಹೆಸರಿಗೆ ಹತ್ತು ವಸ್ತುಗಳಿದ್ದಾಗ ಮಾತ್ರ ದಾರಿ ತಪ್ಪುತ್ತದೆ.

ರಾಸ್ನಾ ಎಂಬುದನ್ನು ನೋಡಿ. ಉತ್ತರದ ವೈದ್ಯರಿಗೆ ಅದು ಪ್ಲುಚಿಯಾ ಎಂಬ ಗಿಡ. ದಕ್ಷಿಣದಲ್ಲಿ ರಾಸ್ನೆಯೆಂದು ಬಳಕೆಯಾಗುವುದು ಶುಂಠಿಯ ಕುಟುಂಬಕ್ಕೆ ಸೇರಿದ ದುಂಪರಾಸ್ಮೆಯ ಗೆಡ್ಡೆ, ತಮಿಳಿನ ಅರತ್ತೈ. ಶಂಖಪುಷ್ಪಿಯೂ ಹಾಗೆಯೇ: ಉತ್ತರದಲ್ಲಿ ನೆಲದ ಮೇಲೆ ಹರಡುವ ಕಾನ್ವಾಲ್ವುಲಸ್, ನಮ್ಮಲ್ಲಿ ಬೇಲಿಗೆ ಹಬ್ಬುವ ನೀಲಿ ಹೂವಿನ ಗಿರಿಕರ್ಣಿಕೆ, ಕೆಲವೆಡೆ ವಿಷ್ಣುಕ್ರಾಂತಿ. ಮಾರವಾಡಿ ಮನೆಯ ಅಜ್ಜಿಯೂ ಕನ್ನಡದ ಮನೆಯ ಅಜ್ಜಿಯೂ ಒಂದೇ ಅಂಗಡಿಯ ಮುಂದೆ ನಿಂತು ಒಂದೇ ಸಂಸ್ಕೃತ ಹೆಸರು ಹೇಳಿದರೂ ಅವರ ಮನಸ್ಸಿನಲ್ಲಿರುವ ಗಿಡ ಒಂದೇ ಅಲ್ಲ.

ಕನ್ನಡದಲ್ಲಿ ಮನೆಮದ್ದಿನ ಪುಸ್ತಕಗಳಿಗೆ ಬರವಿಲ್ಲ. ಕೆಮ್ಮಿಗೆ ಇದು, ಕಾಮಾಲೆಗೆ ಅದು, ಮಂಡಿನೋವಿಗೆ ಮತ್ತೊಂದು ಎಂದು ಪಟ್ಟಿ ಕೊಡುವವು ಬಹಳ. ಯಾವ ಗಿಡ, ಅದರ ಯಾವ ಭಾಗ, ಹಸಿಯೋ ಒಣಗಿದ್ದೋ, ಅದನ್ನೇ ಹೋಲುವ ಬೇರೆ ಗಿಡ ಯಾವುದು ಎಂದು ಹೇಳುವವು ಕಡಿಮೆ. ನನಗೆ ಇದು ಸಣ್ಣ ಕೊರತೆಯಾಗಿ ಕಾಣುವುದಿಲ್ಲ. ಗುರುತು ಹೇಳದೆ ಗುಣ ಮಾತ್ರ ಹೇಳುವ ಪುಸ್ತಕ ಓದುಗರನ್ನು ಅಪಾಯಕ್ಕೆ ಕಳಿಸುತ್ತದೆ.

ಗುರುತು ಹೇಳಿದರೂ ಸಾಲದು, ಎಲ್ಲಿ ಗುರುತಿಸಬೇಕು ಎಂಬುದೂ ಮುಖ್ಯ. ಪುಸ್ತಕದಲ್ಲಿ ಅಚ್ಚಾಗುವ ಬಣ್ಣದ ಚಿತ್ರ ಹೂಬಿಟ್ಟ ಗಿಡದ್ದು. ಅಂಗಡಿಯಲ್ಲಿರುವುದು ಎಲೆಯೂ ಹೂವೂ ಇಲ್ಲದ ಒಣ ಬೇರಿನ ತುಂಡು. ಸೊಗದೆ ಬೇರನ್ನೇ ತೆಗೆದುಕೊಳ್ಳಿ. ತಮಿಳರ ನನ್ನಾರಿ, ಬೇಸಿಗೆಯ ಶರಬತ್ತಿಗೆ ಹಾಕುವಂಥದ್ದು, ಹೆಮಿಡೆಸ್ಮಸ್ ಇಂಡಿಕಸ್. ಸಣ್ಣ ಬಳ್ಳಿಯ ತೆಳ್ಳನೆಯ, ಗಟ್ಟಿಯಾದ, ಕಂದು ಬಣ್ಣದ ಬೇರು. ಅದರ ಬದಲಿಗೆ ಬರುವುದು ಮಾಗಳಿ ಬೇರು, ಡೆಕಾಲೆಪಿಸ್ ಹ್ಯಾಮಿಲ್ಟೋನಿ. ನಾವು ಮಜ್ಜಿಗೆಯಲ್ಲಿ ಉಪ್ಪಿನಕಾಯಿ ಹಾಕುವ ಬೆರಳು ದಪ್ಪದ, ರಸ ತುಂಬಿದ ಬೇರು. ಎರಡಕ್ಕೂ ಪರಿಮಳ ಕೊಡುವ ರಾಸಾಯನಿಕ ಒಂದೇ ಆದ್ದರಿಂದ ಮೂಗು ಇಲ್ಲಿ ಸಾಕ್ಷಿ ಹೇಳಲಾರದು. ಒಣಗಿಸಿ ತುಂಡು ಮಾಡಿದ ಮೇಲೆ ಕಣ್ಣಿಗೂ ಕಷ್ಟ, ಪುಡಿ ಮಾಡಿದರಂತೂ ಮುಗಿಯಿತು. ಮಾಗಳಿಯ ವಿಷಯದಲ್ಲಿ ಇನ್ನೊಂದು ಸಂಕಟವಿದೆ. ಬಿಳಿಗಿರಿರಂಗನ ಬೆಟ್ಟದಂಥ ಕಾಡುಗಳಲ್ಲಿ ಸೋಲಿಗರು ಬಂಡೆಗಳ ನಡುವಿನಿಂದ ಅದನ್ನು ಅಗೆದು ತರುತ್ತಾರೆ. ಬೇರು ಪೂರ್ತಿ ಅಗೆದರೆ ಬಳ್ಳಿ ಉಳಿಯುವುದಿಲ್ಲ. ಅಳಿವಿನಂಚಿನ ಸಸ್ಯಗಳ ಪಟ್ಟಿಯಲ್ಲಿ ಅದು ಸೇರಿಹೋಗಿದೆ. ಶರಬತ್ತಿನ ಲೋಟದಲ್ಲಿ ಯಾವ ಬೇರಿದೆ ಎಂಬುದು ಆ ಬೆಟ್ಟಕ್ಕೂ ಸಂಬಂಧಪಟ್ಟ ಸಂಗತಿ.

ಅದಲುಬದಲು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದನ್ನು ಚೆನ್ನೈ ಬಳಿಯ ಎಸ್‌ಆರ್‌ಎಂ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ಬಲಾ ಎಂಬ ಹೆಸರಿನಲ್ಲಿ ಆಯುರ್ವೇದ ಬಳಸುವುದು ಸೈಡಾ ಕಾರ್ಡಿಫೋಲಿಯಾ ಎಂಬ ಗಿಡದ ಬೇರು; ನಮ್ಮಲ್ಲಿ ಅದಕ್ಕೆ ಹೆತ್ತುತ್ತಿ, ಕಿಸಂಗಿ ಎನ್ನುವುದುಂಟು. ಮಾರುಕಟ್ಟೆಯಲ್ಲಿ ಆ ಹೆಸರಿನಿಂದ ಮಾರುವ ಬೇರುಗಳನ್ನು ಕೊಂಡು ತಂದು ಅವರು ಡಿಎನ್‌ಎ ಪರೀಕ್ಷೆ ಮಾಡಿದರು. ಒಂದು ಮಾದರಿಯೂ ನಿಜವಾದ ಬಲಾ ಆಗಿರಲಿಲ್ಲ. ಶೇ. 76ರಷ್ಟು ಅದೇ ಕುಲದ ಬೇರೆ ಜಾತಿಗಳು, ಉಳಿದವು ಕುಲವನ್ನೇ ಬಿಟ್ಟ ಗಿಡಗಳು. ಹೆಚ್ಚಾಗಿ ಸಿಕ್ಕಿದ್ದು ಸೈಡಾ ಅಕ್ಯೂಟಾ. ಅದರ ಬೇರಿನಲ್ಲಿ ಎಫೆಡ್ರಿನ್ ಎಂಬ, ಹೃದಯದ ಬಡಿತ ಏರಿಸುವ ವಸ್ತು ನಿಜವಾದ ಬಲಾಕ್ಕಿಂತ ಆರು ಪಟ್ಟು. ರಕ್ತದೊತ್ತಡ ಇರುವವರು ಅದನ್ನು ಕಷಾಯ ಕುದಿಸಿ ಕುಡಿದರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಗೊಂದಲವನ್ನು ಬಿಡಿಸುವ ಪುಸ್ತಕಗಳಲ್ಲಿ ಹಲವು ಹುಟ್ಟಿದ್ದು ಮದರಾಸಿನಲ್ಲಿ ಎಂಬುದು ನಾನು ಈ ಬೀದಿಯ ಬಗ್ಗೆ ಬರೆಯಲು ಮುಖ್ಯ ಕಾರಣ. ಸೇಂಟ್ ಜಾರ್ಜ್ ಕೋಟೆಯ ಶಸ್ತ್ರವೈದ್ಯ ಸ್ಯಾಮ್ಯುಯೆಲ್ ಬ್ರೌನ್ 1690ರ ದಶಕದಲ್ಲಿ ಕೋಟೆಯ ಸುತ್ತಲಿನ ಹಳ್ಳಿಗಳಲ್ಲಿ ಗಿಡಗಳನ್ನು ಕಿತ್ತು ಒಣಗಿಸಿ, ಪ್ರತಿಯೊಂದಕ್ಕೂ ಊರವರು ಹೇಳಿದ ಹೆಸರನ್ನೂ ಉಪಯೋಗವನ್ನೂ ಬರೆದು ಲಂಡನ್ನಿನ ಜೇಮ್ಸ್ ಪೆಟಿವರ್‌ಗೆ ಕಳಿಸಿದ. ಅವು 1698ರಿಂದ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದವು. ವೈಟ್‌ಲಾ ಏನ್ಸ್ಲಿ ಎಂಬ ಕಂಪನಿ ವೈದ್ಯ 1813ರಲ್ಲಿ ಮದರಾಸಿನಲ್ಲೇ ಹಿಂದೂಸ್ತಾನದ ಔಷಧ ದ್ರವ್ಯಗಳ ದೊಡ್ಡ ಪುಸ್ತಕ ಅಚ್ಚು ಹಾಕಿಸಿದ. ಅದನ್ನೇ ಹಿಗ್ಗಿಸಿ 1826ರಲ್ಲಿ ಲಂಡನ್ನಿನಲ್ಲಿ ಎರಡು ಸಂಪುಟ ತಂದ. ತಮಿಳು, ತೆಲುಗು, ದಖನಿ, ಸಂಸ್ಕೃತ, ಅರಬ್ಬಿ ಹೆಸರುಗಳನ್ನು ಒಂದೇ ಕಡೆ ಕೂಡಿಸಿದ್ದು ಅದರ ಬಲ.

ಆದರೆ ಅಂಗಡಿಯ ಮುಂದೆ ನಿಂತವರ ಕಷ್ಟ ಚೆನ್ನಾಗಿ ತಿಳಿದಿದ್ದವರು ಮೊಹಿದೀನ್ ಷರೀಫ್. ತಿರುವಲ್ಲಿಕೇಣಿಯ ಔಷಧಾಲಯದ ವೈದ್ಯರು, ಖಾನ್ ಬಹಾದ್ದೂರ್ ಬಿರುದು ಪಡೆದವರು. ಬ್ರಿಟಿಷ್ ಸರ್ಕಾರ 1868ರಲ್ಲಿ ಭಾರತದ ಔಷಧಕೋಶ ಹೊರತಂದಾಗ ಅದರಲ್ಲಿ ದೇಶಭಾಷೆಯ ಹೆಸರುಗಳ ಕೆಲಸ ಅರೆಕೊರೆಯಾಗಿತ್ತು. ಮರುವರ್ಷವೇ, 1869ರಲ್ಲಿ, ಷರೀಫ್ ಅದಕ್ಕೊಂದು ಅನುಬಂಧ ತಂದರು. ಅದರಲ್ಲಿ ಅರಬ್ಬಿ, ಪಾರಸಿಯಿಂದ ಹಿಡಿದು ತಮಿಳು, ತೆಲುಗು, ಮಲಯಾಳ, ಕನ್ನಡ, ಮರಾಠಿ, ಬಂಗಾಳಿ, ಸಿಂಹಳ, ಬರ್ಮಿಯವರೆಗೆ ಹೆಸರುಗಳಿವೆ. ಅವರು ಹೆಸರುಗಳನ್ನು ಹಳೆಯ ಪುಸ್ತಕಗಳಿಂದ ನಕಲು ಮಾಡಿ ಸುಮ್ಮನಾಗಲಿಲ್ಲ. ಈ ಹೆಸರು ಹೇಳಿದರೆ ಬಜಾರಿನಲ್ಲಿ ನಿಜವಾಗಿ ಏನು ಸಿಗುತ್ತದೆ, ಯಾವ ಹೆಸರು ಎರಡು ವಸ್ತುಗಳಿಗೆ ನಡೆಯುತ್ತದೆ, ಹಿಂದಿನವರು ಎಲ್ಲಿ ಎಡವಿದ್ದಾರೆ ಎಂದು ಒಂದೊಂದನ್ನೂ ತಿದ್ದಿದರು. ಅವರ ಮದರಾಸಿನ ಔಷಧ ದ್ರವ್ಯಗಳ ಪುಸ್ತಕವನ್ನು ಊಟಿಯಲ್ಲಿದ್ದ ರಸಾಯನತಜ್ಞ ಡೇವಿಡ್ ಹೂಪರ್ ಸಂಪಾದಿಸಿ 1891ರಲ್ಲಿ ಹೊರತಂದರು. ಒಂದೂವರೆ ಶತಮಾನದ ಹಿಂದೆ ವೈದ್ಯರೊಬ್ಬರು ತಾವು ನಿಂತ ಊರಿನ ಬಜಾರನ್ನೇ ಪ್ರಯೋಗಶಾಲೆ ಮಾಡಿಕೊಂಡರು ಎಂಬುದನ್ನು ನೆನೆದರೆ ಮನಸ್ಸು ತುಂಬುತ್ತದೆ. ಇವತ್ತಿನ ಮನೆಮದ್ದಿನ ಪುಸ್ತಕ ಬರೆಯುವವರು ಕಲಿಯಬೇಕಾದ ವಿಧಾನ ಇದು.

ಆಗ ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲಗಳೂ ಮದರಾಸು ಪ್ರಾಂತದಲ್ಲೇ ಇದ್ದವು. ಕನ್ನಡದ ಸಸ್ಯ ಪುಸ್ತಕಗಳ ಕಥೆಯೂ ಅದೇ ಆಡಳಿತದ ನೆರಳಿನಲ್ಲಿ ಮಂಗಳೂರಿನಿಂದ ಹೊರಡುತ್ತದೆ. ಬಾಸೆಲ್ ಮಿಶನ್ನಿನ ಹುನ್ಸಿಕರ್ 1862ರಲ್ಲಿ ಹಸಿ ಗಿಡಗಳಿಂದಲೇ ನೇರವಾಗಿ ಅಚ್ಚು ತೆಗೆದು ದಕ್ಷಿಣ ಭಾರತದ ಸಸ್ಯಗಳ ಚಿತ್ರಸಂಪುಟ ಮಾಡಿದ. ಎಲೆಯ ನರನರವೂ ಅದರಲ್ಲಿ ಮೂಡಿದೆ. ಅದೇ ಮಿಶನ್ನಿನ ಶ್ಟೋಲ್ಟ್ಸ್ 1881ರಲ್ಲಿ ಐನೂರು ಭಾರತೀಯ ಗಿಡಗಳ ವೈದ್ಯಕೀಯ ಮತ್ತು ಇತರ ಉಪಯೋಗಗಳ ಬಗ್ಗೆ ಕನ್ನಡದಲ್ಲೇ ಪುಸ್ತಕ ಬರೆದ. ಇಂಗ್ಲಿಷಿನಲ್ಲಿ ಬರೆದು ಕನ್ನಡ ಹೆಸರನ್ನು ಮೂಲೆಯಲ್ಲಿ ಕೂರಿಸಿದ್ದಲ್ಲ, ವಿವರಣೆಯೇ ಕನ್ನಡ. ಕಿಟ್ಟೆಲರ ನಿಘಂಟು 1894ರಲ್ಲಿ ಬಂದಾಗ ಗಿಡದ ಹೆಸರುಗಳ ಮುಂದೆ ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರು ಕೊಡುವ ಪದ್ಧತಿ ಗಟ್ಟಿಯಾಗಿತ್ತು. ಸಾಹಿತ್ಯ ಓದುವವರು ಪದದ ಅರ್ಥಕ್ಕೆ ತೆರೆಯುವ ಆ ನಿಘಂಟು ನಾಟಿ ವೈದ್ಯರಿಗೂ ಆಕರ ಗ್ರಂಥ ಎಂಬುದನ್ನು ನಾವು ಮರೆತಿದ್ದೇವೆ.

ಮಿಶನರಿಗಳಿಂದಲೇ ಎಲ್ಲ ಶುರುವಾಯಿತು ಎಂದು ಮಾತ್ರ ಹೇಳಬಾರದು. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಬೇಸಾಯ, ಅಡುಗೆ, ಬಾವಿ ತೋಡುವ ಜಾಗದ ಲಕ್ಷಣಗಳ ಜೊತೆಗೆ ವೈದ್ಯವೂ ವಿಷವೈದ್ಯವೂ ವೃಕ್ಷಾಯುರ್ವೇದವೂ ಇವೆ. ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ ಪೂರ್ತಿಯಾಗಿ ವಿಷದ ಬಗೆಗಿನ ಗ್ರಂಥ: ಗಿಡ, ಖನಿಜಗಳಿಂದ ಬರುವ ಸ್ಥಾವರ ವಿಷ, ಹಾವು ಚೇಳುಗಳ ಜಂಗಮ ವಿಷ, ಅವುಗಳ ಮದ್ದು. ಈ ಎರಡೂ ಮದರಾಸಿನಲ್ಲಿ ಅಚ್ಚಾದವು. ಮದರಾಸು ವಿಶ್ವವಿದ್ಯಾಲಯದ ಕನ್ನಡ ಮಾಲೆಯಲ್ಲಿ ಎ. ವೆಂಕಟರಾವ್ ಮತ್ತು ಎಚ್. ಶೇಷ ಅಯ್ಯಂಗಾರ್ ಸಂಪಾದಿಸಿದ ಖಗೇಂದ್ರಮಣಿದರ್ಪಣ 1942ರಲ್ಲಿ ಹೊರಬಂತು. ಗಿಡಮೂಲಿಕೆಗಳ ಹೆಸರುಗಳದ್ದೇ ನಿಘಂಟಾದ ಓಷಧಿಕೋಶವೂ ಅದೇ ಮಾಲೆಯದು. ಲೋಕೋಪಕಾರವನ್ನು ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರಕ್ಕಾಗಿ ಶೇಷ ಅಯ್ಯಂಗಾರರೇ 1950ರಲ್ಲಿ ಸಂಪಾದಿಸಿದರು. ತಾಳೆಗರಿಯ ಅಕ್ಷರ ಬಿಡಿಸಿ, ಪಾಠಾಂತರ ಹೋಲಿಸಿ ಆ ವಿದ್ವಾಂಸರು ಮಾಡಿಟ್ಟ ಕೆಲಸ ಇನ್ನೂ ಅರ್ಧ ದಾರಿಯಲ್ಲೇ ನಿಂತಿದೆ. ಮಂಗರಾಜ ಹೇಳುವ ಹಳಗನ್ನಡದ ಹೆಸರು ಇವತ್ತಿನ ಯಾವ ಗಿಡ ಎಂದು ಸಸ್ಯಶಾಸ್ತ್ರಜ್ಞರು ಕೂತು ನಿರ್ಧರಿಸಿದರೆ ಮಾತ್ರ ಅದು ಓದುಗರ ಬಳಕೆಗೆ ಬರುತ್ತದೆ.

ಅದನ್ನು ಮಾಡಬಲ್ಲ ಕನ್ನಡಿಗರೊಬ್ಬರು ಅದೇ ಊರಿನಲ್ಲಿದ್ದರು. ಬಿ.ಜಿ.ಎಲ್. ಸ್ವಾಮಿ 1953ರಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟ ಸುತ್ತಿದ ಅನುಭವವೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಹಸುರು ಹೊನ್ನು. ಅದು ಆಕರ ಗ್ರಂಥವಲ್ಲ, ಆದರೆ ಗಿಡವನ್ನು ನೋಡುವುದು ಹೇಗೆಂದು ಕನ್ನಡಿಗರಿಗೆ ಅಷ್ಟು ಚೆನ್ನಾಗಿ ಕಲಿಸಿದ ಪುಸ್ತಕ ಇನ್ನೊಂದಿಲ್ಲ.

ಈಗ ಕೈಗೆ ಸಿಗುವ ಆಕರಗಳಲ್ಲಿ ಕೆಲವನ್ನು ಹೇಳಬೇಕು. ನಾಡಕರ್ಣಿಯವರ ಭಾರತೀಯ ಔಷಧ ದ್ರವ್ಯಗಳ ಕೋಶ, 1954ರ ಪರಿಷ್ಕೃತ ಆವೃತ್ತಿ, ಇಂದಿಗೂ ವೈದ್ಯರ ಮೇಜಿನ ಮೇಲಿದೆ. ಕೀರ್ತಿಕರ್ ಮತ್ತು ಬಸು ಅವರದ್ದು ಚಿತ್ರಗಳಿಗೆ ಹೆಸರಾದದ್ದು. ಚೋಪ್ರಾ ಮತ್ತು ಸಂಗಡಿಗರ 1956ರ ಪದಕೋಶ ಚಿಕ್ಕದು, ಖಚಿತವಾದದ್ದು. ಕೋಟ್ಟಕ್ಕಲ್ ಆರ್ಯ ವೈದ್ಯಶಾಲೆಯ ಐನೂರು ಗಿಡಗಳ ಐದು ಸಂಪುಟ 1990ರ ದಶಕದಲ್ಲಿ ಮದರಾಸಿನಲ್ಲೇ ಪ್ರಕಟವಾಯಿತು. ಪ್ರತಿ ಗಿಡಕ್ಕೂ ಕನ್ನಡ, ತಮಿಳು, ಹಿಂದಿ ಹೆಸರುಗಳು ಒಟ್ಟಿಗೇ ಸಿಗುವುದರಿಂದ ಸೌಕಾರ್‌ಪೇಟೆಗೆ ಹೋಗುವ ಕನ್ನಡಿಗರಿಗೆ ನಾನು ಮೊದಲು ಹೇಳುವುದು ಇದನ್ನೇ. ಎಸ್.ಎನ್. ಯೋಗನರಸಿಂಹನ್ ಅವರದ್ದು ಇನ್ನೊಂದು ಬಗೆಯ ಸಾಧನೆ: ಕರ್ನಾಟಕದ ಔಷಧ ಸಸ್ಯಗಳಿಗೆ 1996ರಲ್ಲಿ ಒಂದು ಸಂಪುಟ, ತಮಿಳುನಾಡಿನವಕ್ಕೆ 2000ದಲ್ಲಿ ಇನ್ನೊಂದು. ಮಾಗಡಿ ಆರ್. ಗುರುದೇವ ದಕ್ಷಿಣ ಭಾರತದ ಗಿಡಗಳ ಹೆಸರುಗಳನ್ನೇ ಒಟ್ಟುಗೂಡಿಸಿ 2001ರಲ್ಲಿ ಪುಸ್ತಕ ಮಾಡಿದರು. ಕನ್ನಡದ ಊರೂರಿನ ಹೆಸರುಗಳಿಗೆ ಅದು ಬೇಕೇ ಬೇಕು.

ಇವುಗಳನ್ನು ಓದುವಾಗ ಉಪಯೋಗದ ಪ್ಯಾರಾಕ್ಕೆ ಹಾರಬೇಡಿ. ಮೊದಲು ಲ್ಯಾಟಿನ್ ಹೆಸರು ನೋಡಿ. ಅದು ಕಾಲಕಾಲಕ್ಕೆ ಬದಲಾಗುವುದರಿಂದ ಹಳೆಯ ಪುಸ್ತಕದ ಹೆಸರನ್ನು ಹೊಸದರ ಪರ್ಯಾಯ ಹೆಸರುಗಳ ಜೊತೆ ಹೋಲಿಸಿ. ಆಮೇಲೆ ಯಾವ ಭಾಗ ಎಂದು ನೋಡಿ. ಸೀತಾ ಅಶೋಕದ ತೊಗಟೆ ಎಂದಿದ್ದರೆ ಅದು ಸರಾಕಾ ಅಶೋಕಾ. ಬೀದಿ ಬದಿಯಲ್ಲಿ ಕಂಬದ ಹಾಗೆ ನಿಲ್ಲುವ, ಜನ ಅಶೋಕ ಎಂದೇ ಕರೆಯುವ ಮರದ ತೊಗಟೆಯಲ್ಲ. ಆ ಎರಡನೆಯದು ಅಗ್ಗ, ಹೇರಳ, ಆದ್ದರಿಂದಲೇ ಮೊದಲನೆಯದರ ಜಾಗಕ್ಕೆ ಬರುತ್ತದೆ. ಕೊನೆಗೆ ಉಪಯೋಗ. ಅಲ್ಲಿ ‘ಸಾಂಪ್ರದಾಯಿಕವಾಗಿ ಜ್ವರಕ್ಕೆ ಬಳಸುತ್ತಾರೆ’ ಎಂದಿದ್ದರೆ ಅದರಿಂದ ಜ್ವರ ವಾಸಿಯಾಗುತ್ತದೆ ಎಂದು ಯಾರೋ ಪರೀಕ್ಷೆ ಮಾಡಿ ನೋಡಿದ್ದಾರೆ ಎಂದಲ್ಲ. ಯಾವುದೋ ಊರಿನಲ್ಲಿ ಯಾವುದೋ ಜನ ಹಾಗೆ ಬಳಸುತ್ತಿದ್ದರು ಎಂಬ ದಾಖಲೆ ಅಷ್ಟೆ. ಆ ಊರು ಯಾವುದು, ಹೇಳಿದವರು ಯಾರು ಎಂದು ಬರೆದಿದ್ದರೆ ದಾಖಲೆಗೆ ತೂಕ ಹೆಚ್ಚು. ಡಚ್ಚರ ವಾನ್ ರೇಡೆ ಹದಿನೇಳನೆಯ ಶತಮಾನದಲ್ಲೇ ತನ್ನ ಹೊರ್ತೂಸ್ ಮಲಬಾರಿಕುಸ್ ಎಂಬ ಸಸ್ಯಗ್ರಂಥದಲ್ಲಿ ಈಳವ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಮೂವರು ಕೊಂಕಣಿ ವೈದ್ಯರ ಹೆಸರನ್ನು ಅಚ್ಚು ಮಾಡಿದ್ದ. ನಮ್ಮಲ್ಲಿ ಸೋಲಿಗರಿಂದ, ಹಾಲಕ್ಕಿಗಳಿಂದ, ಸಿದ್ದಿಗಳಿಂದ ಕೇಳಿ ಬರೆದ ಎಷ್ಟೋ ಪುಸ್ತಕಗಳಲ್ಲಿ ಅವರ ಹೆಸರು ಮುನ್ನುಡಿಯ ಕೊನೆಯ ಸಾಲಿನಲ್ಲೂ ಇರುವುದಿಲ್ಲ. ಇದು ನನಗೆ ನೋವು ಕೊಡುವ ಸಂಗತಿ.

ಹಿರಿಯರು ಬಳಸಿದ್ದು, ಆದ್ದರಿಂದ ಅಪಾಯವಿಲ್ಲ ಎಂಬ ಮಾತನ್ನೂ ಒಳ್ಳೆಯ ಪುಸ್ತಕ ಹೇಳಬಾರದು. ಎಳೆಗೂಸಿಗೆ ಸಾಣೆಕಲ್ಲಿನ ಮೇಲೆ ತೇಯ್ದು ನೆಕ್ಕಿಸುವ ಬಜೆ, ತಮಿಳರ ವಸಂಬು, ಈ ಬೀದಿಯಲ್ಲಿ ಬಾಣಂತಿ ಮನೆಯವರು ಮೊದಲು ಕೊಳ್ಳುವ ಸಾಮಾನು. ಜಮ್ಮು ತಳಿಯ ಬಜೆ ಎಣ್ಣೆ ತಿಂದ ಇಲಿಗಳಲ್ಲಿ ಗೆಡ್ಡೆಗಳು ಬೆಳೆದದ್ದು ಕಂಡ ಮೇಲೆ ಅಮೆರಿಕ 1968ರಲ್ಲಿ ಆಹಾರದಲ್ಲಿ ಬಜೆ ಬಳಸುವುದನ್ನು ನಿಷೇಧಿಸಿತು. ಕಾರಣ ಬೀಟಾ ಅಸರೋನ್ ಎಂಬ ವಸ್ತು. ಆಯುರ್ವೇದವೂ ಬಜೆಯನ್ನು ಹಾಗೇ ಕೊಡದೆ ಶೋಧನೆ ಮಾಡಿ ಕೊಡು ಎನ್ನುತ್ತದೆ. ಈ ಎರಡು ಮಾತನ್ನೂ ಒಂದೇ ಪುಟದಲ್ಲಿ ಹೇಳುವ ಕನ್ನಡ ಪುಸ್ತಕ ತಾಯಂದಿರ ಕೈಗೆ ಸಿಗಬೇಕು. ಕೊರೊನಾ ಕಾಲದಲ್ಲಿ ಅಮೃತಬಳ್ಳಿಗೆ ಮುಗಿಬಿದ್ದದ್ದು ನೆನಪಿರಬಹುದು. ಅದನ್ನು ಕುಡಿದವರಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದಾಗ, ಅದು ಅಮೃತಬಳ್ಳಿಯೋ ಅದನ್ನೇ ಹೋಲುವ ಟೈನೋಸ್ಪೋರಾ ಕ್ರಿಸ್ಪಾ ಬಳ್ಳಿಯೋ ಎಂದು ಆಯುಷ್ ಸಚಿವಾಲಯ ಪ್ರಶ್ನೆ ಎತ್ತಿತು. ಮರುವರ್ಷ ಹಲವು ಆಸ್ಪತ್ರೆಗಳ ವೈದ್ಯರು 43 ರೋಗಿಗಳ ವಿವರ ಪ್ರಕಟಿಸಿ, ದೋಷ ಅಮೃತಬಳ್ಳಿಯದ್ದೇ ಎಂದರು. ಮನೆಯವರು ಬಳಸಿದ ಬಳ್ಳಿಯ ತುಂಡನ್ನು ಮೊದಲೇ ಒಣಗಿಸಿ ಕಾಗದಕ್ಕೆ ಅಂಟಿಸಿ, ಎಲ್ಲಿಂದ ತಂದದ್ದು ಎಂದು ಬರೆದಿಟ್ಟಿದ್ದರೆ ಆ ವಾದಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಸಸ್ಯಶಾಸ್ತ್ರಜ್ಞರು ಮಾಡುವುದು ಅದನ್ನೇ. ಕೊಯಮತ್ತೂರಿನಲ್ಲಿರುವ ಮದರಾಸು ಹರ್ಬೇರಿಯಂ ತುಂಬ ಇರುವುದು ಅಂಥ ಹಾಳೆಗಳು.

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ದೇಶದಲ್ಲಿ ಸುಮಾರು 960 ಔಷಧ ಸಸ್ಯಗಳು ವ್ಯಾಪಾರದಲ್ಲಿವೆ, ವರ್ಷಕ್ಕೆ ನೂರು ಟನ್ನಿಗಿಂತ ಹೆಚ್ಚು ಮಾರಾಟವಾಗುವವು 178 ಎಂದು ಡಿ.ಕೆ. ವೇದ್ ಮತ್ತು ಜಿ.ಎಸ್. ಗೊರಾಯ ಅವರ 2008ರ ಸಮೀಕ್ಷೆ ಲೆಕ್ಕ ಕೊಟ್ಟಿತ್ತು. ಆ 178ಕ್ಕಾದರೂ ಕನ್ನಡದಲ್ಲಿ ಒಂದು ಪುಸ್ತಕ ಬರಲಿ: ಕನ್ನಡದ ಹೆಸರು, ಅಂಗಡಿಯ ತಮಿಳು ಮತ್ತು ಹಿಂದಿ ಹೆಸರು, ಲ್ಯಾಟಿನ್ ಹೆಸರು, ಒಣಗಿದ ಬೇರು ತೊಗಟೆಗಳ ಚಿತ್ರ, ಬದಲಿಗೆ ಬರುವ ಸರಕಿನ ಚಿತ್ರ, ಯಾರು ತಿನ್ನಬಾರದು ಎಂಬ ಸಾಲು. ಶ್ಟೋಲ್ಟ್ಸ್‌ನ ಕನ್ನಡ ವಿವರಣೆ, ಷರೀಫರ ಬಜಾರು ಪರೀಕ್ಷೆ, ಓಷಧಿಕೋಶದ ಹಳೆಯ ಹೆಸರುಗಳು ತಳಪಾಯಕ್ಕೆ ಸಿದ್ಧವಾಗಿವೆ. ಮದರಾಸು ವಿಶ್ವವಿದ್ಯಾಲಯದ ಕನ್ನಡ ವಿಭಾಗ ಒಮ್ಮೆ ಓಷಧಿಕೋಶದಂಥ ಕೆಲಸಕ್ಕೆ ಕೈ ಹಾಕಿತ್ತು. ಬೆಂಗಳೂರಿನಲ್ಲಿ ಕಚ್ಚಾ ಔಷಧ ದ್ರವ್ಯಗಳ ಮಾದರಿಗಳನ್ನು ಕೂಡಿಟ್ಟಿರುವ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯಿದೆ. ಇವೆರಡೂ ಕೂಡಿ, ರಾಸಪ್ಪ ಚೆಟ್ಟಿ ಬೀದಿಯ ಹಿರಿಯ ಅಂಗಡಿಯವರನ್ನೂ ಜೊತೆಗೆ ಕೂರಿಸಿಕೊಂಡು, ಮೊದಲಿಗೆ ಐವತ್ತು ಪೊಟ್ಟಣ ಬಿಚ್ಚಿ ನೋಡಲಿ.